ಆ ರಾತ್ರಿ ಕಾರು ತಡವರಿಸಿತ್ತೇ?

ನಗುವವರು ನಗಲಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ. ಇದರಲ್ಲಿ ಬರುವ ಹೆಂಗಸು ಇವತ್ತಿಗೂ ಅದೇ ಕಾರನ್ನು ಓಡಿಸುತ್ತಿದ್ದಾರೆ, ಅವರಿಗೆ ತೊಂದರೆಯಾಗುವುದು ಬೇಡ.

ನಾನು ಮುನಿರಾಜು, ಮೂವತ್ತು ವರ್ಷದಿಂದ ಕಾರು ಮೆಕ್ಯಾನಿಕ್. ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ಡು ಇದೆ. ಹೊಸ ಕಾರುಗಳಿಗೆಲ್ಲ ಈಗ ಕಂಪ್ಯೂಟರ್ ಹಾಕಿ ನೋಡುವ ಕಾಲ, ನನ್ನ ಹತ್ತಿರ ಬರುವುದು ಹಳೆಯವು ಮಾತ್ರ. ಹೆಂಡತಿ ತೀರಿಕೊಂಡ ಮೇಲೆ ಬಾಡಿಗೆ ಮನೆ ಬಿಟ್ಟು ಶೆಡ್ಡಿನ ಹಿಂದಿನ ಕೋಣೆಗೇ ಬಂದುಬಿಟ್ಟೆ. ಸಂಜೆ ಶಟರ್ ಎಳೆದರೆ ಮಾತಾಡಿಸಲು ಒಂದು ನರಪಿಳ್ಳೆಯೂ ಇಲ್ಲ. ಎದುರಿಗೆ ನಿಂತ ಕಾರುಗಳಿಗೇ ಊಟ ಆಯ್ತಾ ಅಂತ ಕೇಳುವ ಸ್ಥಿತಿ ನನ್ನದು.

ಇನ್ನೊಂದು ವಿಷಯವನ್ನೂ ಈಗಲೇ ಒಪ್ಪಿಕೊಳ್ಳುತ್ತೇನೆ. ನನಗೆ ನನ್ನ ಕೈಕೆಲಸದ ಬಗ್ಗೆ ತುಂಬಾ ಜಂಬ ಇತ್ತು. ಬೇರೆಯವರು ಮುಟ್ಟಿದ್ದನ್ನೆಲ್ಲ ಬಿಚ್ಚಿ, ಉಗಿದು, ಮತ್ತೆ ಜೋಡಿಸುತ್ತಿದ್ದೆ. ನಾನು ಹಾಕಿದ್ದನ್ನು ಮಾತ್ರ ತಿರುಗಿ ನೋಡುತ್ತಿರಲಿಲ್ಲ. ಮುನಿರಾಜು ಹಾಕಿದ್ದರಲ್ಲಿ ನೋಡುವುದೇನಿದೆ?

ಕಳೆದ ಚಳಿಗಾಲದಲ್ಲಿ ಒಂದು ಸಂಜೆ ವನಜಾ ಮೇಡಂ ಬಂದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಮಕ್ಕಳಿಲ್ಲ. ಅವರ ಯಜಮಾನರು ಆಂಜಿನಪ್ಪನವರು ತೀರಿಕೊಂಡು ಎರಡು ತಿಂಗಳಾಗಿತ್ತು. ಆ ಮನೆಯ ಬಿಳಿ ಕಾರಿಗೆ ಇಪ್ಪತ್ತು ವರ್ಷ. ಅಷ್ಟೂ ವರ್ಷ ಅದನ್ನು ನೋಡಿಕೊಂಡವನು ನಾನೇ.

ಮೇಡಂ ಕಾರು ನಿಲ್ಲಿಸಿ ಕೀಲಿ ನನ್ನ ಕೈಗಿಟ್ಟರು.

"ಮುನಿರಾಜು, ರಿಪೇರಿ ಮಾಡ್ಕೊಡಿ ಅಂತ ಬಂದಿಲ್ಲ. ನನಗೆ ನಿಜ ಬೇಕು."

"ಏನ್ ಮೇಡಂ, ಕೂತ್ಕೊಳ್ಳಿ ಮೊದ್ಲು."

ಅವರು ಕೂರಲಿಲ್ಲ. ನಿಂತುಕೊಂಡೇ ಹೇಳಿದರು. ಆ ರಾತ್ರಿ ಹತ್ತು ಗಂಟೆಗೆ ಆಂಜಿನಪ್ಪನವರಿಗೆ ಎದೆನೋವು ಬಂತು. ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಅಂದರು. ಮೇಡಂ ತಾವೇ ಗಂಡನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು. ದೇವನಹಳ್ಳಿ ಕಡೆಯ ಹೊಸ ರಿಂಗ್ ರೋಡಿಗೆ ಬಿದ್ದು ಎಂಬತ್ತು ದಾಟಿದ ಸ್ವಲ್ಪ ಹೊತ್ತಿಗೆ ಕಾರು ತಡವರಿಸತೊಡಗಿತು. ನಿಂತಿತು, ಹೊರಟಿತು, ಮತ್ತೆ ನಿಂತಿತು. ಅರ್ಧ ಗಂಟೆಯೊಳಗೆ ತಲುಪಬೇಕಾದ ಆಸ್ಪತ್ರೆಗೆ ಒಂದೂಕಾಲು ಗಂಟೆ ಹಿಡಿಯಿತು. ಸ್ವಲ್ಪ ಬೇಗ ಬಂದಿದ್ದರೆ ಉಳಿಸಿಕೊಳ್ಳಬಹುದಿತ್ತು ಅಂದರಂತೆ ಡಾಕ್ಟರು.

ಮಾರನೆಯ ದಿನದಿಂದ ಕಾರು ಏನೂ ಆಗಿಲ್ಲವೆಂಬಂತೆ ಓಡಿತು. ಮೇಡಂ ಅವರ ಮೈದುನ ಊರೊಳಗೆಲ್ಲ ಸುತ್ತಿಸಿ ನೋಡಿದ. ತಿಥಿಯ ದಿನ ಊಟಕ್ಕೆ ಕೂತ ನೆಂಟರ ಮುಂದೆ ಅಂದೇಬಿಟ್ಟನಂತೆ, "ಕಾರು ಗುಂಡುಕಲ್ಲಿನ ಹಾಗಿದೆ. ಅತ್ತಿಗೆ ಹೆದರ್ಕೊಂಡು ಆಕ್ಸಿಲರೇಟರಿಂದ ಕಾಲೆತ್ತಿದಾರೆ. ಅಣ್ಣ ಸತ್ತಿದ್ದು ಅದಕ್ಕೇ."

"ಮೊದಮೊದ್ಲು ಸಿಟ್ಟು ಬಂತು," ಎಂದರು ಮೇಡಂ. "ಈಗ ನನಗೇ ಅನುಮಾನ. ನಿದ್ದೆ ಬರಲ್ಲ ಮುನಿರಾಜು. ಕಾಲು ನಾನೇ ಎತ್ತಿದ್ನಾ, ಕಾರೇ ಕೈಕೊಡ್ತಾ... ನೋಡಿ ಹೇಳಿ. ನನ್ನ ಸಮಾಧಾನಕ್ಕೆ ಅಂತ ಸುಳ್ಳು ಮಾತ್ರ ಹೇಳ್ಬೇಡಿ."

ಅವರು ಬಸ್ಸಿಗೆ ನಡೆದುಕೊಂಡು ಹೋದರು. ನಾನು ಬಾನೆಟ್ ಎತ್ತಿದೆ.

ಇಂಥ ಕಾಯಿಲೆ ಶೆಡ್ಡಿನಲ್ಲಿ ನಿಂತು ಗೊತ್ತಾಗುವುದಿಲ್ಲ. ಕಾರನ್ನು ಎಂಬತ್ತು, ತೊಂಬತ್ತರಲ್ಲಿ ಬಿಡದೆ ಓಡಿಸಬೇಕು. ಹಗಲಲ್ಲಿ ಆ ರಿಂಗ್ ರೋಡಿನಲ್ಲಿ ಟಿಪ್ಪರ್‌ಗಳ ಕಾಟ. ಹಾಗಾಗಿ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ ಒಬ್ಬನೇ ಹೊರಟೆ.

ಆ ರಸ್ತೆ ನಿಮಗೆ ಗೊತ್ತಿರಬಹುದು. ಊರುಗಳನ್ನು ಬಿಟ್ಟು, ಹೊಲಗಳ ನಡುವೆ ಎತ್ತರಕ್ಕೆ ಮಣ್ಣು ಹಾಕಿ ಮಾಡಿದ ರಸ್ತೆ. ಅಂಗಡಿಯಿಲ್ಲ, ಮನೆಯಿಲ್ಲ. ದೂರದಲ್ಲಿ ಕೋಳಿ ಫಾರಂನ ಒಂದು ದೀಪ, ಆಮೇಲೆ ಮೈಲಿಗಟ್ಟಲೆ ಕತ್ತಲೆ. ಗಾಜು ಇಳಿಸಿದರೆ ಒಮ್ಮೆ ನೀಲಗಿರಿ ತೋಪಿನ ವಾಸನೆ, ಒಮ್ಮೆ ಗೊಬ್ಬರದ್ದು. ಅಂಥ ರಸ್ತೆಯಲ್ಲಿ, ಪಕ್ಕದಲ್ಲಿ ಉಸಿರು ಸಿಕ್ಕದ ಗಂಡನನ್ನು ಕೂರಿಸಿಕೊಂಡು ಆ ಹೆಂಗಸು ಒಬ್ಬರೇ ಹೋಗಿದ್ದರು.

ಮೊದಲ ರಾತ್ರಿ ಎಂಬತ್ತೈದರಲ್ಲಿ ಕಾಲು ಗಂಟೆ ಓಡಿಸಿದೆ. ಏನೂ ಆಗಲಿಲ್ಲ. ಮರುದಿನ ಪ್ಲಗ್ಗು, ಕರೆಂಟಿನ ವೈರು, ಪೆಟ್ರೋಲ್ ಫಿಲ್ಟರು, ಪಂಪು, ಎಲ್ಲ ಬಿಚ್ಚಿ ನೋಡಿದೆ. ಎಲ್ಲವೂ ಸರಿಯಾಗಿದ್ದವು. ಎರಡನೇ ರಾತ್ರಿ ತೊಂಬತ್ತಕ್ಕೆ ಏರಿಸಿದೆ. ಕಾರು ಬೆಣ್ಣೆಯ ಹಾಗೆ ಓಡಿತು.

ಅಲ್ಲಿಗೆ ತಪ್ಪು ಮೇಡಂ ಕಾಲಿನದು ಅಂತಾಯಿತು. ಬೆಳಿಗ್ಗೆ ಅವರಿಗೆ ಫೋನು ಮಾಡಿದೆನಾದರೂ ಬಾಯಿ ಬರಲಿಲ್ಲ. ಮಾತು ಮುಂದೂಡುವುದಕ್ಕೆ ಏನೋ ಒಂದು ಕೇಳಿದೆ.

"ಮೇಡಂ, ಆವತ್ತು ಟ್ಯಾಂಕಲ್ಲಿ ಪೆಟ್ರೋಲ್ ಎಷ್ಟಿತ್ತು?"

"ಫುಲ್ ಇತ್ತು. ಆವತ್ತು ಸಂಜೆ ತಾನೇ ಇವರೇ ತುಂಬಿಸ್ಕೊಂಡು ಬಂದಿದ್ರು. ಯಾಕೆ?"

"ಏನಿಲ್ಲ, ಸುಮ್ನೆ."

ನಾನು ಓಡಿಸಿದ್ದು ಕಾಲು ಟ್ಯಾಂಕಿನಲ್ಲಿ. ಕೊನೆಯದಾಗಿ ಒಂದು ಸಲ ಆ ರಾತ್ರಿ ಇದ್ದ ಹಾಗೆಯೇ ಮಾಡಿ ನೋಡೋಣ ಅನ್ನಿಸಿತು. ಮೂರನೇ ರಾತ್ರಿ ಬಂಕಿಗೆ ಹೋಗಿ ಬಾಯಿಮಟ್ಟ ತುಂಬಿಸಿದೆ. ಬಂಕಿನ ಹುಡುಗಿ ಮುಚ್ಚಳ ತೆಗೆದಳು, ಹಾಕಿದಳು. ನಾನು ಕನ್ನಡಿಯಲ್ಲಿ ನೋಡುತ್ತಾ ಕೂತಿದ್ದೆ.

ರಿಂಗ್ ರೋಡಿಗೆ ಬಿದ್ದಾಗ ಹತ್ತೂಕಾಲು. ಮಂಜು ತೆಳ್ಳಗೆ ಇಳಿಯುತ್ತಿತ್ತು. ಎಂಬತ್ತು... ಎಂಬತ್ತೈದು... ಎಂಟು ನಿಮಿಷ ಸುಮ್ಮನಿದ್ದ ಇಂಜಿನ್, ಒಂಬತ್ತನೇ ನಿಮಿಷಕ್ಕೆ ಒಮ್ಮೆ ಬಿಕ್ಕಿತು.

ನನ್ನ ಬೆನ್ನು ನೆಟ್ಟಗಾಯಿತು. ಕಾಲು ಒತ್ತಿದೆ. ಎಳೆಯಲಿಲ್ಲ. ಇನ್ನೂ ಒತ್ತಿದೆ... ಮುಳ್ಳು ಎಪ್ಪತ್ತಕ್ಕೆ, ಅರವತ್ತಕ್ಕೆ ಇಳಿಯಿತು. ಮೆಟ್ಟಿಲು ಹತ್ತಿ ಏದುಸಿರು ಬಿಡುವ ಮುದುಕನ ಹಾಗೆ ಇಂಜಿನ್ ತಡೆದು ತಡೆದು ಉಸಿರೆಳೆದು, ಸತ್ತೇ ಹೋಯಿತು.

ಕಾರು ತಾನಾಗಿ ಉರುಳಿ ರಸ್ತೆಯ ಅಂಚಿಗೆ ನಿಂತಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಮೇಡಂ ಕಾಲೆತ್ತಿಲ್ಲ ಕಣೋ ಮುನಿರಾಜು!" ಅಂತ ಗಟ್ಟಿಯಾಗಿಯೇ ಅಂದೆ.

ಅಂದ ಮಾತು ಮುಗಿಯುವ ಮೊದಲೇ ಲವಂಗದ ವಾಸನೆ ಬಂತು.

ಯಾರೋ ಪಕ್ಕದಲ್ಲೇ ಕೂತು ಲವಂಗ ಜಗಿಯುತ್ತಿದ್ದಂತೆ, ಬೆಚ್ಚಗಿನ ವಾಸನೆ. ಗಾಜುಗಳನ್ನೆಲ್ಲ ಏರಿಸಿದ್ದೆ. ನಾನು ಎಡಗಡೆಗೆ ತಿರುಗಿ ನೋಡಲಿಲ್ಲ. ಯಾಕೆ ನೋಡಲಿಲ್ಲ ಅಂತ ಕೇಳಬೇಡಿ, ಕತ್ತು ತಿರುಗಲಿಲ್ಲ.

ಆಮೇಲೆ ಸದ್ದು ಶುರುವಾಯಿತು.

ಟಕ್... ಟಕ್... ಟಕ್.

ಎಡಬಾಗಿಲಿನ ಮೇಲೆ, ಬೆರಳ ಗೆಣ್ಣಿನಿಂದ ಬಡಿದ ಹಾಗೆ. ಬಿಸಿ ತಗಡು ತಣ್ಣಗಾಗುವಾಗ ಸದ್ದು ಮಾಡುತ್ತದೆ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ತಗಡು ಮೂರು ಸಲ ಬಡಿದು, ಕೇಳಿಸಿತಾ ಅಂತ ಕಾಯುವುದಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು. ಈ ಸಲ ಸ್ವಲ್ಪ ಹಿಂದಿನಿಂದ. ಮತ್ತೆ ಮೂರು... ಇನ್ನೂ ಹಿಂದೆ.

"ಯಾರದು?" ಅಂದೆ.

ಟಾರ್ಚ್ ಹಿಡಿದು ಇಳಿದೆ. ರಸ್ತೆ ಎರಡೂ ಕಡೆ ಖಾಲಿ. ಜೀರುಂಡೆಯ ಸದ್ದೂ ನಿಂತಿತ್ತು. ಓಡಿಹೋಗೋಣವೆಂದರೆ ಎಲ್ಲಿಗೆ ಓಡುವುದು? ಕಾರನ್ನು ಸುತ್ತಿ ಎಡಗಡೆ ಬಂದೆ. ಹಿಂದಿನ ಚಕ್ರದ ಮೇಲ್ಭಾಗಕ್ಕೆ ಅಂಗೈ ಇಟ್ಟೆ. ಒಳಗಿನಿಂದ ಮೂರು ಸಲ ನನ್ನ ಅಂಗೈಗೇ ತಟ್ಟಿದ ಹಾಗಾಯಿತು.

ಕೈ ಸುಟ್ಟವನಂತೆ ಹಿಂದಕ್ಕೆಳೆದುಕೊಂಡೆ. ಟಾರ್ಚಿನ ಬೆಳಕು ಪೆಟ್ರೋಲ್ ಹಾಕುವ ಜಾಗದ ಮೇಲೆ ಬಿತ್ತು.

ಅದನ್ನು ತೆರೆದು ಒಳಗಿನ ಮುಚ್ಚಳ ತಿರುಗಿಸಿದೆ. ಬಿಗಿಯಾಗಿತ್ತು. ಎರಡೂ ಕೈ ಹಾಕಿ ತಿರುಗಿಸಿದ ಮೇಲೆ ಟ್ಯಾಂಕು "ಹ್ಹಾ..." ಅಂತ ಒಳಕ್ಕೆ ಗಾಳಿ ಎಳೆದುಕೊಂಡಿತು. ಎರಡು ಕ್ಷಣ ಬರಬೇಕಾದ ಸದ್ದು. ಅದು ಬಂತು... ಬರುತ್ತಲೇ ಇತ್ತು. ಬಹಳ ಹೊತ್ತು ಉಸಿರು ಕಟ್ಟಿದ ಮನುಷ್ಯನ ಎದೆಗೆ ಕೊನೆಗೂ ಗಾಳಿ ಸಿಕ್ಕಿದಂತೆ. ಆಮೇಲೆ ನಿಂತಿತು.

ಕೈಯಲ್ಲಿದ್ದ ಮುಚ್ಚಳಕ್ಕೆ ಟಾರ್ಚ್ ಹಿಡಿದೆ. ಹಿಡಿದವನು ಅಲ್ಲೇ ಕುಕ್ಕರಿಸಿ ಕೂತೆ.

ಇಂಜಿನ್ ಪೆಟ್ರೋಲು ಎಳೆದಷ್ಟೂ ಟ್ಯಾಂಕಿನೊಳಗೆ ಆ ಜಾಗಕ್ಕೆ ಗಾಳಿ ಹೋಗಬೇಕು. ಆ ಕಾರಿನಲ್ಲಿ ಗಾಳಿಯ ದಾರಿ ಇರುವುದು ಮುಚ್ಚಳದಲ್ಲೇ, ಒಂದು ಸಣ್ಣ ತೂತು. ಅದಿಲ್ಲದಿದ್ದರೆ, ಬಾಟಲಿಗೆ ಬಾಯಿ ಕಚ್ಚಿ ನೀರು ಎಳೆದರೆ ಸ್ವಲ್ಪ ಹೊತ್ತಿಗೆ ಬರುವುದು ನಿಲ್ಲುತ್ತದಲ್ಲ, ಹಾಗಾಗುತ್ತದೆ. ಊರೊಳಗೆ ನಿಧಾನ ಓಡಿಸಿದರೆ ಗೊತ್ತಾಗುವುದಿಲ್ಲ. ಟ್ಯಾಂಕು ಖಾಲಿಯಿದ್ದರೆ ಒಳಗಿರುವ ಗಾಳಿಯೇ ಸಾಕಾಗುತ್ತದೆ. ಟ್ಯಾಂಕು ತುಂಬಿದ್ದು, ಬಿಡದೆ ವೇಗ ಹೋದರೆ ಮಾತ್ರ ಇಂಜಿನ್‌ನ ಕತ್ತು ಹಿಸುಕಿದಂತೆ.

ಆ ಮುಚ್ಚಳದಲ್ಲಿ ತೂತು ಇರಲಿಲ್ಲ. ಅದು ಬೇರೆ ಕಾರಿನದು. ಹಾಕಿದವನು ನಾನು.

ಆಂಜಿನಪ್ಪನವರು ಸಾಯುವ ಒಂದು ವಾರದ ಹಿಂದೆ ಹಳೇ ಮುಚ್ಚಳ ಕಳೆದುಕೊಂಡು ಶೆಡ್ಡಿಗೆ ಬಂದಿದ್ದರು. ಡಬ್ಬದಲ್ಲಿ ಬಿದ್ದಿದ್ದ ಒಂದನ್ನು ತೆಗೆದು ತಿರುಗಿಸಿದೆ, ಕೂತುಕೊಂಡಿತು. ಅವರು ಯಾವತ್ತಿನ ಹಾಗೆ ಲವಂಗ ಜಗಿಯುತ್ತಾ ಕೈಯಿಟ್ಟು ನೋಡಿ, "ಬಿಗಿ ಜಾಸ್ತಿ ಆಯ್ತಲ್ವಾ ಮುನಿರಾಜು?" ಅಂದಿದ್ದರು. ನಾನು ನಕ್ಕು, "ಬಿಗಿ ಇದ್ರೇ ಒಳ್ಳೇದು ಸಾರ್, ನೀವು ತಲೆ ಕೆಡಿಸ್ಕೋಬೇಡಿ" ಅಂತ ಕಳಿಸಿದ್ದೆ.

ಮುಚ್ಚಳ ಸಡಿಲ ಬಿಟ್ಟು ಸ್ಟಾರ್ಟ್ ಮಾಡಿದೆ. ಒಂದೇ ಸಲಕ್ಕೆ ಹಿಡಿಯಿತು. ತೊಂಬತ್ತರಲ್ಲಿ ವಾಪಸ್ ಬರುವಾಗ ಒಮ್ಮೆಯೂ ತಡವರಿಸಲಿಲ್ಲ. ನಾನೇ ಎರಡು ಸಲ ನಿಲ್ಲಿಸಬೇಕಾಯಿತು, ಕಣ್ಣು ಒರೆಸಿಕೊಳ್ಳಲು.

ಆ ರಾತ್ರಿ ಮಲಗಲಿಲ್ಲ. ಸುಳ್ಳು ಹೇಳುವುದು ಸುಲಭವಿತ್ತು. ಫಿಲ್ಟರ್ ಕಟ್ಟಿಕೊಂಡಿತ್ತು ಮೇಡಂ, ನಿಮ್ಮ ತಪ್ಪಿಲ್ಲ, ಯಾರ ತಪ್ಪೂ ಇಲ್ಲ. ಅಷ್ಟು ಅಂದಿದ್ದರೆ ಅವರಿಗೂ ನಿದ್ದೆ ಬರುತ್ತಿತ್ತು, ನನಗೂ ಬರುತ್ತಿತ್ತು. ಆದರೆ ಅಂಗೈ ಮೇಲೆ ಆ ಮೂರು ಬಡಿತ ಹಾಗೇ ಇತ್ತು.

ಬೆಳಿಗ್ಗೆ ಅವರ ಮನೆಗೆ ಹೋದೆ. ಅಂಗಳದಲ್ಲೇ ನಿಂತು ಹೇಳಿದೆ.

"ಕಾಲು ನೀವು ಎತ್ತಿಲ್ಲ ಮೇಡಂ. ಕಾರೇ ನಿಂತಿದ್ದು. ಟ್ಯಾಂಕಿಗೆ ಗಾಳಿ ಹೋಗ್ತಿರ್ಲಿಲ್ಲ."

ಮೇಡಂ ಕಂಬ ಹಿಡಿದುಕೊಂಡರು. ಎರಡು ತಿಂಗಳಿನಿಂದ ತಡೆದಿದ್ದ ಅಳು ಒಟ್ಟಿಗೆ ಬಂತು. ನಾನು ಕಾದೆ. ಅದು ಮುಗಿಯುವವರೆಗೆ ಕಾದದ್ದೇ ನನಗೆ ಆ ದಿನದ ದೊಡ್ಡ ಶಿಕ್ಷೆ.

"ಗಾಳಿ ಹೋಗದೇ ಇದ್ದಿದ್ದು ಮುಚ್ಚಳದಿಂದ," ಎಂದೆ. "ಅದು ಈ ಕಾರಿಂದಲ್ಲ. ಹಾಕಿದ್ದು ನಾನೇ ಮೇಡಂ."

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ಬೈಯಲಿಲ್ಲ. ಮೆಲ್ಲಗೆ ಕೇಳಿದರು.

"ನಿಮಗೆ ಹೇಗೆ ಗೊತ್ತಾಯ್ತು ಅದು?"

ಹೇಳಲೋ ಬೇಡವೋ ಅಂತ ತಡೆದು, ಬಡಿತದ ವಿಷಯ ಹೇಳಿದೆ. ಅವರ ಮುಖದ ಬಣ್ಣ ಇಳಿದುಹೋಯಿತು.

"ಆವತ್ತು ಅವರಿಗೆ ಮಾತು ನಿಂತ್ಹೋಗಿತ್ತು," ಎಂದರು. "ಕಾರು ನಿಂತಾಗೆಲ್ಲ ಬಾಗಿಲು ಬಡೀತಿದ್ರು. ಮೂರ್ ಮೂರ್ ಸಲ. ನೋವಿಗೆ ಬಡೀತಿದಾರೆ ಅಂತ ನಾನು ಕೈ ಹಿಡ್ಕೊಂಡ್ಬಿಟ್ಟೆ. ಇದನ್ನ ನಾನು ಯಾರ್ಗೂ ಹೇಳಿಲ್ಲ ಮುನಿರಾಜು."

ಆಮೇಲೆ ಅವರು ಕಣ್ಣು ಒರೆಸಿಕೊಂಡು, ಟೀಚರ್ ದನಿಯಲ್ಲಿ ಹೇಳಿದರು, "ಸರಿಯಾದ ಮುಚ್ಚಳ ಹಾಕ್ಕೊಂಡು ಬನ್ನಿ. ಇವತ್ತು ರಾತ್ರಿ ಅದೇ ಹೊತ್ತಿಗೆ ಹೋಗೋಣ. ಕಾರು ಚೆನ್ನಾಗಿದ್ದಿದ್ರೆ ಎಷ್ಟು ಹೊತ್ತಿಗೆ ತಲುಪ್ತಿದ್ವಿ, ನನಗೆ ನೋಡ್ಬೇಕು."

ಬೇಡ ಅನ್ನುವ ಹಕ್ಕು ನನಗಿರಲಿಲ್ಲ.

ಹತ್ತೂಕಾಲಿಗೆ ಹೊರಟೆವು. ನಾನು ಓಡಿಸಿದೆ. ಮೇಡಂ ಹಿಂದಿನ ಸೀಟಿನಲ್ಲಿ ಕೂತರು. ಯಜಮಾನರು ಕೂತಿದ್ದ ಮುಂದಿನ ಸೀಟಿಗೆ ಅವರು ಆಮೇಲೆ ಯಾರನ್ನೂ ಕೂರಿಸಿರಲಿಲ್ಲ. ಮಂಜು, ರಸ್ತೆ, ಇಂಜಿನ್‌ನ ಒಂದೇ ಸಮನೆ ಸದ್ದು... ಎಂಬತ್ತು ದಾಟಿತು, ತೊಂಬತ್ತು ದಾಟಿತು. ಒಮ್ಮೆಯಾದರೂ ತಡವರಿಸಲಿ ಅಂತ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅದು ತಡವರಿಸಲಿಲ್ಲ.

ಆಸ್ಪತ್ರೆಯ ತುರ್ತು ಚಿಕಿತ್ಸೆಯ ಬಾಗಿಲ ಮುಂದೆ ನಿಲ್ಲಿಸಿದೆ. ಮೇಡಂ ಕೈಗಡಿಯಾರ ನೋಡಿಕೊಂಡರು.

"ಇಪ್ಪತ್ತೆಂಟು ನಿಮಿಷ," ಎಂದರು. ಆಮೇಲೆ ಬೇರೆಯದೇ ದನಿಯಲ್ಲಿ, ಮುಂದಿನ ಸೀಟಿನ ಕಡೆ ಬಾಗಿ, "ಬಂದ್ಬಿಟ್ವಿ ಕಣ್ರೀ."

ಕಾವಲಿನವನು ವೀಲ್‌ಚೇರ್ ತಳ್ಳಿಕೊಂಡು ಓಡಿ ಬಂದ. ನಾನು ಗಾಜಿಳಿಸಿ ಬೇಡ ಅಂತ ಕೈಯಾಡಿಸಿದೆ. ಮೇಡಂ ಕೂಡ, "ಬೇಡಪ್ಪಾ, ಇಳಿಯಲ್ಲ, ವಾಪಸ್ ಹೋಗ್ತೀವಿ" ಅಂದರು. ಅವನು ಏನೋ ಹೇಳಲು ಬಾಯಿ ತೆರೆದ. ಹಿಂದೆ ಇನ್ನೊಂದು ಗಾಡಿ ಹಾರ್ನ್ ಹೊಡೆಯಿತು, ನಾನು ಹೊರಟೆ.

ಮನೆಯ ಗೇಟಿನ ಹತ್ತಿರ ಇಳಿದು ಮೇಡಂ ಕೀಲಿ ಈಸಿಕೊಂಡರು.

"ನಿಜ ಹೇಳಿದ್ರಿ. ಅದು ದೊಡ್ಡದು," ಎಂದರು. "ಆದ್ರೆ ಇನ್ಮೇಲೆ ಸರ್ವಿಸ್ಸಿಗೆ ಬೇರೆ ಕಡೆ ಕೊಡ್ತೀನಿ. ಬೇಜಾರ್ ಮಾಡ್ಕೋಬೇಡಿ."

ಬೈದಿದ್ದರೆ ಚೆನ್ನಾಗಿತ್ತು. ನಾನು ಕೈ ಮುಗಿದು ಶೆಡ್ಡಿಗೆ ನಡೆದುಕೊಂಡು ಬಂದೆ. ಮೈದುನನಿಗೆ ಮಾರನೆಯ ದಿನ ನಾನೇ ಫೋನು ಮಾಡಿ ಎಲ್ಲ ಹೇಳಿದೆ. ಅವನು ಬಾಯಿಗೆ ಬಂದಂತೆ ಬೈದ. ಅದರಿಂದ ಸ್ವಲ್ಪ ಹಗುರಾಯಿತು. ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಹದಿನೈದು ದಿನ ಬಿಟ್ಟು, ಕೆಟ್ಟು ನಿಂತ ಒಂದು ವ್ಯಾನು ನೋಡಲು ಅದೇ ಆಸ್ಪತ್ರೆಯ ಹತ್ತಿರ ಹೋಗಿದ್ದೆ. ಹಗಲು ಹೊತ್ತು. ಗೇಟಿನಲ್ಲಿ ಅದೇ ಕಾವಲಿನವನು. ನನ್ನನ್ನು ಕಂಡವನೇ ಎದ್ದು ಬಂದ.

"ಸಾರ್, ಆವತ್ತು ಬಿಳಿ ಕಾರಲ್ಲಿ ಬಂದಿದ್ದೋರು ನೀವೇ ಅಲ್ವಾ? ಯಜಮಾನ್ರು ಹೇಗಿದಾರೆ?"

"ಯಾವ ಯಜಮಾನ್ರು?" ಅಂದೆ.

"ಅದೇ ಸಾರ್, ಮುಂದೆ ಕೂತಿದ್ರಲ್ಲ. ಎದೆ ಹಿಡ್ಕೊಂಡು." ಅವನ ದನಿಯಲ್ಲಿ ಸಿಟ್ಟಿತ್ತು. "ನಾನ್ ಕುರ್ಚಿ ತಂದ್ರೆ ಬೇಡ ಅಂದ್ಬಿಟ್ರಿ. ಅವ್ರು ಇಳೀಬೇಕು ಅಂತ ಬಾಗಿಲು ಬಡೀತಾನೇ ಇದ್ರು. ಅಷ್ಟು ದೂರ ಕರ್ಕೊಂಡು ಬಂದು, ಬಾಗಿಲವರ್ಗೂ ಬಂದು, ಇಳಿಸದೇ ವಾಪಸ್ ಕರ್ಕೊಂಡ್ ಹೋದ್ರಲ್ಲ ಸಾರ್..."

ವ್ಯಾನು ನೋಡದೆ ಬಸ್ಸು ಹತ್ತಿದೆ.

ಮೇಡಂಗೆ ಇದನ್ನು ಹೇಳಿಲ್ಲ. ಅವರೀಗ ಚೆನ್ನಾಗಿ ನಿದ್ದೆ ಮಾಡುತ್ತಾರಂತೆ, ಮಾರ್ಕೆಟ್ಟಿಗೆ ಬಂದಾಗ ದೂರದಿಂದ ನೋಡುತ್ತೇನೆ. ಒಬ್ಬರೇ ಕಾರು ಓಡಿಸುತ್ತಾರೆ, ಪಕ್ಕದ ಸೀಟು ಖಾಲಿ. ಹಗಲು ಹೊತ್ತಿನಲ್ಲಿ, ನನ್ನ ಕಣ್ಣಿಗಂತೂ ಖಾಲಿಯೇ.